ಬಿಲ್ ಏರಿಸಿದ್ದು ಮಿಕ್ಸಿ ಅಲ್ಲ, ಎಸರು

ಪ್ರಶ್ನೆ: ನಮ್ಮದು ಹಾಸನ, ಮನೆಯಲ್ಲಿ ಐದು ಜನ. ಗೃಹಜ್ಯೋತಿ ಬಂದಾಗಿನಿಂದ ಸೊನ್ನೆ ಬಿಲ್ ಬರುತ್ತಿತ್ತು. ತಿಂಗಳಿಗೆ 130 ಯೂನಿಟ್ ಆಸುಪಾಸು ಆಗುತ್ತಿತ್ತು, ನಮ್ಮ ಮಿತಿ 143. ಕಳೆದ ಮೂರು ತಿಂಗಳಿಂದ 205, 212, 209 ಅಂತ ಬಂದು ಪೂರ್ತಿ ಬಿಲ್ ಕಟ್ಟುತ್ತಿದ್ದೇವೆ. ಈ ಮಧ್ಯೆ ಮನೆಗೆ ಹೊಸದಾಗಿ ಬಂದಿದ್ದು ಇಂಡಕ್ಷನ್ ಒಲೆ, ಅನ್ನದ ಎಲೆಕ್ಟ್ರಿಕ್ ಕುಕ್ಕರ್ ಮತ್ತು ಒಂದು ಕೆಟಲ್. ಮಿಕ್ಸಿ, ಗ್ರೈಂಡರ್ ಬಳಸೋದು ಕಡಿಮೆ ಮಾಡು ಅಂತ ಯಜಮಾನರು ಹೇಳುತ್ತಾರೆ. ಅತ್ತೆ ರಾತ್ರಿ ಮಲಗುವಾಗ ಫ್ರಿಜ್ ಆಫ್ ಮಾಡುತ್ತಾರೆ. ಫ್ರಿಜ್ 15 ವರ್ಷ ಹಳೆಯದು. ಯಾರು ಹೇಳೋದು ಸರಿ? ಗ್ಯಾಸ್ ಒಲೆಗೇ ವಾಪಸ್ ಹೋಗಬೇಕಾ?

ಉತ್ತರ: ಮೊದಲು ಮಿಕ್ಸಿ, ಗ್ರೈಂಡರ್ ಮೇಲಿನ ಆರೋಪ ಕೈಬಿಡಿ. ಪಾಪ, ಅವೆರಡೂ ಸದ್ದು ಮಾಡುತ್ತವೆ, ಅದಕ್ಕೇ ಸಿಕ್ಕಿಬೀಳುತ್ತವೆ.

ಲೆಕ್ಕ ನೋಡಿ. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ನಿಮ್ಮ ಮಿಕ್ಸಿ 500 ವ್ಯಾಟ್ ಅಂದುಕೊಳ್ಳಿ. ಚಟ್ನಿ, ಮಸಾಲೆ ಎಲ್ಲ ಸೇರಿ ದಿನಕ್ಕೆ ಆರು ನಿಮಿಷ ಓಡುತ್ತೆ. ತಿಂಗಳಿಗೆ ಒಂದೂವರೆ ಯೂನಿಟ್. ಮೇಜಿನ ಮೇಲಿಡುವ ಎರಡು ಲೀಟರಿನ ಗ್ರೈಂಡರಿನ ಮೋಟರ್ ಸಾಮಾನ್ಯವಾಗಿ 150 ವ್ಯಾಟಿನದು. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ದೋಸೆ ಹಿಟ್ಟು ರುಬ್ಬಿದರೂ ತಿಂಗಳಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ಎರಡೂ ಸೇರಿ ಹದಿನೈದು ರೂಪಾಯಿಯ ಕರೆಂಟ್. ಯಜಮಾನರ ಮಾತು ಕೇಳಿ ನೀವು ಒರಳುಕಲ್ಲಿಗೆ ವಾಪಸ್ ಹೋದರೂ ಬಿಲ್ಲಿನಲ್ಲಿ ಅದು ಕಾಣಿಸುವುದೇ ಇಲ್ಲ.

ಅಡುಗೆಮನೆಯ ಸಾಮಾನುಗಳಲ್ಲಿ ಎರಡು ಜಾತಿ. ತಿರುಗುವವು ಒಂದು, ಕಾಯಿಸುವವು ಇನ್ನೊಂದು. ಮಿಕ್ಸಿ, ಗ್ರೈಂಡರ್, ಚಿಮಣಿ ಫ್ಯಾನ್, ನೀರಿನ ಫಿಲ್ಟರ್ ಎಲ್ಲ ತಿರುಗುವ ಜಾತಿ. ಇವಕ್ಕೆ ಕರೆಂಟ್ ಕಡಿಮೆ ಸಾಕು, ಓಡುವುದೂ ಸ್ವಲ್ಪ ಹೊತ್ತು. ಇಂಡಕ್ಷನ್, ಕೆಟಲ್, ಎಲೆಕ್ಟ್ರಿಕ್ ಕುಕ್ಕರ್, ಓವನ್, ಬಚ್ಚಲುಮನೆಯ ಗೀಸರ್ ಕಾಯಿಸುವ ಜಾತಿ. ಸದ್ದಿಲ್ಲದೆ ತಿನ್ನುವುದು ಇವು. ನಿಮ್ಮ ಮನೆಗೆ ಹೊಸದಾಗಿ ಬಂದ ಮೂರೂ ಇದೇ ಜಾತಿಯವು, ಗಮನಿಸಿದಿರಾ?

ಈಗ ಆ ಮೂರನ್ನೂ ಒಂದೊಂದಾಗಿ ತೂಗೋಣ. ನೀವು ಗಂಟೆಗಳನ್ನು ಬರೆದಿಲ್ಲ, ಹಾಗಾಗಿ ಐದು ಜನರ ಮನೆಯ ವಾಡಿಕೆ ಹಿಡಿಯುತ್ತೇನೆ. ಇಂಡಕ್ಷನ್ ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ. ಒಮ್ಮೆ ಜೋರು, ಒಮ್ಮೆ ನಿಧಾನ, ಸರಾಸರಿ 1300 ವ್ಯಾಟ್. ದಿನಕ್ಕೆ ಎರಡು ಯೂನಿಟ್‌ಗೆ ಚೂರು ಕಡಿಮೆ, ತಿಂಗಳಿಗೆ 58. ಕೆಟಲ್‌ನಲ್ಲಿ ದಿನಕ್ಕೆ ಮೂರು ಸಲ ಒಂದೂವರೆ ಲೀಟರ್ ತುಂಬಿಸಿ ಕುದಿಸಿದರೆ ತಿಂಗಳಿಗೆ 14. ಅನ್ನದ ಕುಕ್ಕರ್ ಅನ್ನ ಮಾಡಿದ ಮೇಲೆ ಮಧ್ಯಾಹ್ನದವರೆಗೆ ಬಿಸಿ ಇಟ್ಟುಕೊಂಡು ಕೂತಿದ್ದರೆ ಅದಕ್ಕೇ ತಿಂಗಳಿಗೆ 9. ಕೂಡಿಸಿ. ಅನ್ನ ಬೇಯಿಸಿದ ಕರೆಂಟ್ ಬಿಟ್ಟೇ 81. ನಿಮ್ಮ ಮೀಟರಿನಲ್ಲಿ ಜಾಸ್ತಿಯಾಗಿರುವುದೂ ಹತ್ತಿರ ಹತ್ತಿರ ಅಷ್ಟೇ.

ನನ್ನ ಅಂದಾಜನ್ನು ನಂಬಬೇಡಿ, ನೀವೇ ಅಳೆಯಿರಿ. ಹಣ ಕೊಟ್ಟು ಏನೂ ತರಬೇಕಿಲ್ಲ. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಾ ಇರುತ್ತದೆ. ಅದರ ಪಕ್ಕದಲ್ಲೋ ಕೆಳಗೋ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಮುದ್ರಿಸಿರುತ್ತಾರೆ. ಬಹಳ ಮೀಟರುಗಳಲ್ಲಿ 3200, ಕೆಲವದರಲ್ಲಿ 1600. ಮನೆಯಲ್ಲಿ ಎಲ್ಲ ಆಫ್ ಮಾಡಿ, ಫ್ರಿಜ್ ಕೂಡ. ಅಳೆಯಬೇಕಾದ ಒಂದನ್ನು ಮಾತ್ರ ಆನ್ ಮಾಡಿ. ಮಗನ ಕೈಗೆ ಮೊಬೈಲ್ ಕೊಟ್ಟು ಒಂದು ನಿಮಿಷದಲ್ಲಿ ಎಷ್ಟು ಮಿನುಗಿತು ಅಂತ ಎಣಿಸಲು ಹೇಳಿ. ಬಂದ ಸಂಖ್ಯೆಯನ್ನು 60ರಿಂದ ಗುಣಿಸಿ, ನಿಮ್ಮ ಮೀಟರಿನಲ್ಲಿ ಮುದ್ರಿಸಿರುವ ಸಂಖ್ಯೆಯಿಂದ ಭಾಗಿಸಿ. ಗಂಟೆಗೆ ಎಷ್ಟು ಯೂನಿಟ್ ಅಂತ ಸಿಗುತ್ತೆ. 3200ರ ಮೀಟರಿನಲ್ಲಿ ನಿಮಿಷಕ್ಕೆ 64 ಮಿನುಗು ಬಂದರೆ 1200 ವ್ಯಾಟ್. ಮಿಕ್ಸಿಗೆ 27ರ ಸುಮಾರು ಬರಬಹುದು. ಫ್ರಿಜ್‌ಗೆ ಐದಾರು ಅಷ್ಟೇ. ಮೀಟರ್ ಡಬ್ಬಿ ಮುಟ್ಟೋ ಕೆಲಸ ಇಲ್ಲ, ದೂರದಿಂದ ನೋಡಿದರೆ ಸಾಕು. ಮಕ್ಕಳಿಗೆ ಇದು ಒಳ್ಳೆ ಆಟ. ನಮ್ಮ ಮನೆಯಲ್ಲಿ ಹೀಗೆ ಎಣಿಸುವಾಗ ಎಲ್ಲ ಆಫ್ ಮಾಡಿದ ಮೇಲೂ ದೀಪ ಮಿನುಗುತ್ತಿತ್ತು. ಹುಡುಕಿದರೆ ಅಟ್ಟದ ಬಲ್ಬ್. ಯಾವಾಗಿನಿಂದ ಉರಿಯುತ್ತಿತ್ತೋ!

ಈಗ ನಿಮ್ಮ ಬಿಲ್ಲಿನ ನಿಜವಾದ ಹೊಡೆತಕ್ಕೆ ಬರೋಣ. ಗೃಹಜ್ಯೋತಿ 2023ರ ಜುಲೈನಲ್ಲಿ ಶುರುವಾದಾಗ 2022-23ರ ನಿಮ್ಮ ತಿಂಗಳ ಸರಾಸರಿಗೆ ಶೇಕಡಾ 10 ಸೇರಿಸಿ ಮಿತಿ ಕಟ್ಟಿದರು. ನಿಮ್ಮ 143 ಬಂದಿದ್ದು ಹಾಗೆ. 143ರೊಳಗೆ ಇದ್ದರೆ ಸೊನ್ನೆ. 143 ದಾಟಿ 200ರೊಳಗೆ ನಿಂತರೆ ಮೇಲಿನಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಅಂದರೆ 201ನೇ ಯೂನಿಟ್ ನಿಮಗೆ ಆರೇಳು ರೂಪಾಯಿಯದಲ್ಲ, ಸಾವಿರ ರೂಪಾಯಿಯ ಆಸುಪಾಸಿನದು. ನಿಮ್ಮ ಮೂರು ತಿಂಗಳೂ 200ರ ಗೆರೆಯಿಂದ ಐದು, ಹನ್ನೆರಡು, ಒಂಬತ್ತು ಯೂನಿಟ್ ಅಷ್ಟೇ ಆಚೆ. ಕೆಟಲ್ ಒಂದನ್ನು ಸರಿಯಾಗಿ ಬಳಸಿದ್ದರೂ ಮೂರರಲ್ಲಿ ಎರಡು ತಿಂಗಳು 200ರ ಒಳಗೆ ಇರುತ್ತಿದ್ದಿರೋ ಏನೋ. ಹೊಟ್ಟೆ ಉರಿಯುತ್ತೆ, ಅಲ್ವಾ?

ಹಾಗಾಗಿ ನಿಮ್ಮ ಗುರಿ ಎರಡು ಹಂತದ್ದು. ಮೊದಲು ಹೇಗಾದರೂ 200ರ ಕೆಳಗೆ ಬನ್ನಿ. ಅದು ಸುಲಭ. ಆಮೇಲೆ 143ರ ಕಡೆ ನೋಡೋಣ.

ಈಗ ಇಂಡಕ್ಷನ್ನಾ, ಗ್ಯಾಸಾ? ತುಂಬಾ ಜನ ಕೇಳುವ ಪ್ರಶ್ನೆ, ಅರೆಬರೆ ಉತ್ತರಗಳೇ ಜಾಸ್ತಿ. 14.2 ಕೆಜಿಯ ಸಿಲಿಂಡರಿನಲ್ಲಿ ಇರುವ ಶಾಖವನ್ನು ಯೂನಿಟ್ ಲೆಕ್ಕಕ್ಕೆ ತಂದರೆ ಸುಮಾರು 180 ಯೂನಿಟ್. ಅದೆಲ್ಲ ಪಾತ್ರೆಗೆ ಹೋಗುವುದಿಲ್ಲ. ಐಎಸ್‌ಐ ಗುರುತಿನ ಒಲೆ ಕನಿಷ್ಠ ಶೇಕಡಾ 68ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು ಅನ್ನುವುದು ನಿಯಮ. ಅದು ಪ್ರಯೋಗಾಲಯದ ಲೆಕ್ಕ. ಮನೆಯಲ್ಲಿ ಗಾಳಿ, ಸಣ್ಣ ಪಾತ್ರೆ, ಕಟ್ಟಿಕೊಂಡ ಬರ್ನರ್ ಎಲ್ಲ ಸೇರಿ ಇನ್ನೂ ಇಳಿಯುತ್ತೆ. 65 ಅಂತ ಹಿಡಿದರೆ ಸಿಲಿಂಡರಿನಿಂದ ಪಾತ್ರೆಗೆ ಬಂದಿದ್ದು 117 ಯೂನಿಟ್. ಇಂಡಕ್ಷನ್ನಿನಲ್ಲಿ ಶೇಕಡಾ 85ರಷ್ಟು ಪಾತ್ರೆಗೆ ಹೋಗುತ್ತದೆ. ಅಂದರೆ ಒಂದು ಸಿಲಿಂಡರಿನ ಅಡುಗೆಗೆ ಸುಮಾರು 140 ಯೂನಿಟ್ ಕರೆಂಟ್ ಬೇಕು.

ಇದರಿಂದ ಒಂದು ಸುಲಭದ ಸೂತ್ರ ಸಿಗುತ್ತೆ. ನಿಮ್ಮ ಊರಿನ ಸಿಲಿಂಡರ್ ಬೆಲೆಯನ್ನು 140ರಿಂದ ಭಾಗಿಸಿ. ಬಂದ ಸಂಖ್ಯೆಗಿಂತ ನಿಮ್ಮ ಒಂದು ಯೂನಿಟ್ ಕರೆಂಟ್ ಅಗ್ಗವಾಗಿದ್ದರೆ ಇಂಡಕ್ಷನ್ ಲಾಭ, ತುಟ್ಟಿಯಾಗಿದ್ದರೆ ಗ್ಯಾಸ್ ಲಾಭ. ಸಿಲಿಂಡರ್ 900 ರೂಪಾಯಿ ಇದ್ದರೆ ಉತ್ತರ 6 ರೂಪಾಯಿ 40 ಪೈಸೆ. ತೆರಿಗೆ ಎಲ್ಲ ಸೇರಿ ಕರೆಂಟೂ ಹೆಚ್ಚುಕಮ್ಮಿ ಅಲ್ಲೇ ಇದೆ. ಅಂದರೆ ಪೂರ್ತಿ ಬಿಲ್ ಕಟ್ಟುವ ಮನೆಯಲ್ಲಿ ಎರಡೂ ಸರಿಸಮ. ಯಾವುದು ಕೈಗೆ ಒಗ್ಗುತ್ತೋ ಅದು. ಸೊನ್ನೆ ಬಿಲ್ಲಿನ ಮನೆಯಲ್ಲಿ ಲೆಕ್ಕವೇ ಬೇರೆ. ಮಿತಿಯೊಳಗೆ ಜಾಗ ಉಳಿದಿದ್ದರೆ ಆ ಯೂನಿಟ್‌ಗಳು ಪುಕ್ಕಟೆ, ಇಂಡಕ್ಷನ್ ಧಾರಾಳವಾಗಿ ಬಳಸಿ. ನಿಮಗೆ ಉಳಿಯುತ್ತಿದ್ದುದು 13 ಯೂನಿಟ್. ಅದರಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದ ಇಂಡಕ್ಷನ್ ಅಡುಗೆ ಆಗುತ್ತೆ. ಬೆಳಗಿನ ಕಾಫಿ, ಹಾಲು, ಒಂದು ಉಪ್ಪಿಟ್ಟು. ಉಳಿದ ಅಡುಗೆ ಗ್ಯಾಸ್ ಮೇಲೆ. ಪೂರ್ತಿ ವಾಪಸ್ ಹೋಗಬೇಕಿಲ್ಲ, ಅರ್ಧ ವಾಪಸ್ ಹೋಗಿ.

ಒಲೆ ಯಾವುದೇ ಆಗಲಿ, ಉಳಿತಾಯ ಇರುವುದು ಒಲೆಯ ಮೇಲೆ ಕೂತಿರುವ ಪಾತ್ರೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಮನೆಗಳಲ್ಲಿ ಹಣ ಸೋರುವುದು ಇಲ್ಲೇ.

ನಲ್ಲಿಯಿಂದ ಹಿಡಿದ ಒಂದು ಲೀಟರ್ ನೀರನ್ನು ಕುದಿಯುವವರೆಗೆ ತರಲು 0.09 ಯೂನಿಟ್‌ನಷ್ಟು ಶಾಖ ಸಾಕು. ಅದೇ ಒಂದು ಲೀಟರ್ ನೀರು ಪೂರ್ತಿ ಹಬೆಯಾಗಿ ಹಾರಿಹೋಗಲು 0.63 ಯೂನಿಟ್ ಬೇಕು. ಏಳು ಪಟ್ಟು! ಕಾಯಿಸುವುದು ಅಗ್ಗ, ಹಾರಿಸುವುದು ತುಟ್ಟಿ. ಒಂದು ಲೋಟ, ಅಂದರೆ 200 ಮಿಲಿ ನೀರು ಸುಮ್ನೆ ಹಬೆಯಾಗಿ ಹೋದರೆ, ಇನ್ನೂ ಒಂದೂವರೆ ಲೀಟರ್ ಹತ್ತಿರ ನೀರು ಕಾಯಿಸುವಷ್ಟು ಶಾಖ ಅದರ ಜೊತೆ ಹೋಯಿತು. ಮುದ್ದೆಗೆ ಎಸರಿಟ್ಟು, ಮುಚ್ಚಳ ಇಲ್ಲದೆ, ಎಸರು ಮರಳಿದ ಮೇಲೂ ಹಿಟ್ಟು ಜರಡಿ ಹಿಡಿಯುತ್ತಾ ನಿಂತರೆ ಆಗುವುದು ಇದೇ. ಕಿಟಕಿಯ ಗಾಜಿನ ಮೇಲೆ ಇಳಿಯುವ ಹನಿಗಳು ನೋಡಿದ್ದೀರಲ್ಲ, ಅವೆಲ್ಲ ನೀವು ದುಡ್ಡು ಕೊಟ್ಟು ಹಾರಿಸಿದ ನೀರು.

ಇನ್ನೊಂದು ವಿಷಯ. ಎಸರು ಮರಳಿದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಅದರ ಬಿಸಿ ಏರುವುದಿಲ್ಲ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ನಿಮ್ಮಲ್ಲಿ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಕೊತಕೊತ ಕುದಿದರೂ 97, ಸಣ್ಣಗೆ ಗುಳ್ಳೆ ಬರುತ್ತಿದ್ದರೂ 97. ಬೇಳೆಗೆ ಎರಡೂ ಒಂದೇ, ಬೇಯುವ ಹೊತ್ತೂ ಒಂದೇ. ಜೋರು ಉರಿಯಿಂದ ಹಬೆ ಮಾತ್ರ ಜಾಸ್ತಿಯಾಗುತ್ತೆ. ಕಟ್ಟಿಗೆ ಒಲೆಯ ಕಾಲದ ಅಜ್ಜಿಯರಿಗೆ ಇದು ಪುಸ್ತಕ ಓದದೆ ಗೊತ್ತಿತ್ತು. ಎಸರು ಮರಳಿದ ಕೂಡಲೇ ಕೊಳ್ಳಿ ಹಿಂದಕ್ಕೆ ಎಳೆಯುತ್ತಿದ್ದರು, ಕೆಂಡದ ಮೇಲೆ ಬೇಯಿಸುತ್ತಿದ್ದರು, ಪಕ್ಕದ ಕೋಡೊಲೆಯ ಮೇಲೆ ಸಾರು ಬಿಸಿಯಾಗಿರುತ್ತಿತ್ತು. ಸೌದೆ ಹೊತ್ತು ತಂದವರಿಗೆ ಅದರ ಬೆಲೆ ಗೊತ್ತು. ನಮಗೆ ಗುಂಡಿ ಒತ್ತಿದರೆ ಬರುತ್ತೆ, ಅದಕ್ಕೇ ಮರೆತೆವು.

ಎತ್ತರದ ಊರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಮಂಗಳೂರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತೆ. ಅದಕ್ಕೇ ನಿಮಗೆ ಪ್ರೆಷರ್ ಕುಕ್ಕರ್ ಇನ್ನೂ ಮುಖ್ಯ. ಒಳಗೆ 115ರಿಂದ 120 ಡಿಗ್ರಿ ಸಿಗುತ್ತದೆ. ಆದರೆ ಕುಕ್ಕರನ್ನು ನಾವು ಬಳಸುವ ರೀತಿ ಸರಿಯಿಲ್ಲ. "ಐದು ಸಲ ಕೂಗಲಿ" ಅಂತ ಜೋರು ಉರಿಯಲ್ಲಿ ಬಿಟ್ಟುಬಿಡುತ್ತೇವೆ. ಕೂಗು ಅಂದರೆ ಒಳಗೆ ಬೇಕಾದ್ದಕ್ಕಿಂತ ಹಬೆ ಜಾಸ್ತಿಯಾಗಿ ಆಚೆ ಚೆಲ್ಲುತ್ತಿದೆ ಅಂತ. ಅದು ಬೆಂದಿದ್ದರ ಲೆಕ್ಕ ಅಲ್ಲ. ಮೊದಲ ಕೂಗು ಬಂದ ಕೂಡಲೇ ಉರಿ ಪೂರ್ತಿ ತಗ್ಗಿಸಿ, ಗಡಿಯಾರ ನೋಡಿ. ನೆನೆಸಿದ ತೊಗರಿಬೇಳೆಗೆ ಏಳೆಂಟು ನಿಮಿಷ ಸಾಕು. ಇಂಡಕ್ಷನ್ನಾದರೆ 300-400 ವ್ಯಾಟಿಗೆ ಇಳಿಸಿ. ಆಫ್ ಮಾಡಿದ ಮೇಲೂ ಒತ್ತಡ ತಾನಾಗಿ ಇಳಿಯುವವರೆಗೆ ಒಳಗೆ ಬೇಯುತ್ತಲೇ ಇರುತ್ತದೆ. ಅವಸರಕ್ಕೆ ತಣ್ಣೀರು ಸುರಿದು, ಚಮಚದಲ್ಲಿ ವೆಯ್ಟ್ ಎತ್ತಿ ಬುಸ್ ಅನ್ನಿಸುವುದು ಬೇಡ. ಅನ್ನ, ಬೇಳೆ, ಬೀಟ್‌ರೂಟು ಮೂರನ್ನೂ ಮೂರು ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು ಒಂದೇ ಸಲಕ್ಕೆ ಮುಗಿಸಿ. ತಳದಲ್ಲಿ ಎರಡು ಲೋಟ ನೀರು ಸಾಕು, ಅರ್ಧ ಕುಕ್ಕರ್ ತುಂಬುವುದು ಬೇಕಿಲ್ಲ. ಅಷ್ಟೂ ನೀರನ್ನು ಕಾಯಿಸೋದು ನೀವೇ ತಾನೇ.

ನೆನೆಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಹುರುಳಿ, ಕಡಲೆ, ಒಣ ಅವರೆಕಾಳು ರಾತ್ರಿಯೇ ನೆನೆಹಾಕಿ. ನೆನೆಯದ ಹುರುಳಿಯನ್ನು ಬೇಯಿಸಲು ಹೊರಟರೆ ಕುಕ್ಕರ್ ಕೂಗಿ ಕೂಗಿ ಗಂಟಲು ಕಟ್ಟಿಕೊಳ್ಳಬೇಕು ಅಷ್ಟೇ.

ಇಂಡಕ್ಷನ್ ಬಗ್ಗೆ ಇನ್ನೆರಡು ಮಾತು. ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಬೇಕು. ತಳ ಸಮ ಇರಬೇಕು. ನಡುವೆ ಉಬ್ಬಿದ ಹಳೆ ಸ್ಟೀಲ್ ಪಾತ್ರೆ ಕೆಲಸ ಮಾಡುತ್ತೆ, ಆದರೆ ಕುಂಟುತ್ತಾ. ಮುಂದೆ ಇರುವ ಹಾಲು, ದೋಸೆ, ಕರಿ ಅನ್ನುವ ರೆಡಿ ಗುಂಡಿಗಳನ್ನು ನಂಬಿ ಕೂರಬೇಡಿ. ಅವು ಎಷ್ಟು ವ್ಯಾಟ್ ಬಳಸುತ್ತವೆ ಅಂತ ಒಮ್ಮೆ ನೋಡಿಕೊಂಡು ಆಮೇಲೆ ಕೈಯಲ್ಲೇ ಏರಿಸಿ ಇಳಿಸಿ. ಎಸರಿಗೆ ಜೋರು, ಒಗ್ಗರಣೆಗೆ ನಡುಮಟ್ಟ, ಕುದಿಗೆ ಸಣ್ಣ. ಕಬ್ಬಿಣದ ಕಾವಲಿಯಲ್ಲಿ ದೋಸೆ ಹುಯ್ಯುವಾಗ ಕೊನೆಯ ಎರಡು ದೋಸೆಗೆ ಒಲೆ ಆಫ್ ಮಾಡಿ ನೋಡಿ. ದಪ್ಪ ಕಾವಲಿ ಹಿಡಿದಿಟ್ಟ ಶಾಖದಲ್ಲೇ ಅವು ಆಗುತ್ತವೆ. ಕೊನೆಯದು ಗರಿಗರಿ ಆಗದಿರಬಹುದು, ಅದನ್ನು ನಾನೇ ತಿನ್ನುತ್ತೇನೆ.

ಗ್ಯಾಸ್ ಒಲೆಗೆ ಉರಿಯ ಬಣ್ಣ ನೋಡಿ. ನೀಲಿ ಇದ್ದರೆ ಸರಿ. ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೂತು ಕಟ್ಟಿಕೊಂಡಿದೆ, ಉಜ್ಜಿ ತೊಳೆಯಿರಿ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಹತ್ತಬಾರದು. ಸಣ್ಣ ಕಾಫಿ ಪಾತ್ರೆಯನ್ನು ದೊಡ್ಡ ಬರ್ನರ್ ಮೇಲೆ ಇಡುವ ಅಭ್ಯಾಸ ನಮ್ಮ ಮನೆಯಲ್ಲೂ ಇದೆ. ಹೇಳಿ ಹೇಳಿ ಸಾಕಾಗಿ ಈಗ ನಾನೇ ಸರಿಸಿಡುತ್ತೇನೆ.

ಕೆಲವು ಸಲಹೆಗಳನ್ನು ಎಲ್ಲ ಕಡೆ ಬರೆದಿರುತ್ತಾರೆ, ಆದರೆ ಲೆಕ್ಕ ಹಾಕಿದರೆ ಏನೂ ಇರುವುದಿಲ್ಲ. ಫ್ರಿಜ್‌ನಿಂದ ಹಾಲನ್ನು ಒಂದು ಗಂಟೆ ಮೊದಲೇ ತೆಗೆದಿಡಿ ಅಂತ ಹೇಳುತ್ತಾರಲ್ಲ, ಅರ್ಧ ಲೀಟರ್ ಹಾಲಿಗೆ ಅದರಿಂದ ಉಳಿಯುವುದು ಯೂನಿಟ್‌ನ ನೂರನೇ ಒಂದು ಭಾಗ. ವರ್ಷಪೂರ್ತಿ ಮಾಡಿದರೂ ಮೂರು ನಾಲ್ಕು ಯೂನಿಟ್. ನೆನಪಾದರೆ ಮಾಡಿ, ಮರೆತರೆ ಬೇಜಾರು ಬೇಡ.

ಕೆಟಲ್ ವಿಷಯ ಬೇಗ ಮುಗಿಯುತ್ತೆ. ಕೆಟಲ್ ಕೆಟ್ಟದ್ದಲ್ಲ. ನೀರು ಕಾಯಿಸಲು ಅದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ, ಶಾಖ ನೇರ ನೀರಿಗೆ ಹೋಗುತ್ತದೆ, ಕುದಿದ ಕೂಡಲೇ ತಾನೇ ಆಫ್ ಆಗುತ್ತದೆ. ತೊಂದರೆ ಇರುವುದು ಎರಡು ಲೋಟಕ್ಕೆ ಒಂದೂವರೆ ಲೀಟರ್ ತುಂಬಿಸುವುದರಲ್ಲಿ. ಬೇಕಾದಷ್ಟನ್ನು ಲೋಟದಲ್ಲಿ ಅಳೆದು ಹಾಕಿ. ಅತ್ತೆಯವರಿಗೆ ಆಗಾಗ ಬಿಸಿನೀರು ಬೇಕಿದ್ದರೆ ಬೆಳಿಗ್ಗೆ ಒಮ್ಮೆ ಕುದಿಸಿ ಫ್ಲಾಸ್ಕ್‌ಗೆ ತುಂಬಿ. ತಿಂಗಳ 14 ಯೂನಿಟ್ ಐದಕ್ಕೆ ಇಳಿಯುತ್ತದೆ.

ಅನ್ನದ ಕುಕ್ಕರ್ ಅನ್ನ ಮಾಡಲು ಸುಮಾರು 0.3 ಯೂನಿಟ್ ತೆಗೆದುಕೊಳ್ಳುತ್ತದೆ. ಆಮೇಲೆ "ಬಿಸಿ" ದೀಪ ಹತ್ತಿಕೊಂಡು 40-50 ವ್ಯಾಟ್ ಎಳೆಯುತ್ತಾ ಕೂರುತ್ತದೆ. ಆರೇಳು ಗಂಟೆ ಬಿಟ್ಟರೆ ಮತ್ತೆ 0.3. ಒಂದು ಸಲ ಅನ್ನ ಮಾಡಿ ಎರಡು ಸಲದ ಕರೆಂಟ್ ಕೊಟ್ಟಹಾಗೆ. ನಾವೊಮ್ಮೆ ಮದುವೆಗೆ ಹೊರಟ ಗಡಿಬಿಡಿಯಲ್ಲಿ ಹಾಗೇ ಬಿಟ್ಟು ಹೋಗಿ, ಮೂರನೇ ದಿನ ಬಂದು ನೋಡಿದರೆ ಕುಕ್ಕರಿನಲ್ಲಿ ಕಂದು ಬಣ್ಣದ ಚಿಪ್ಪು. ದೀಪ ಮಾತ್ರ ಇನ್ನೂ ಉರಿಯುತ್ತಿತ್ತು. ಅನ್ನ ಆದ ಮೇಲೆ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ, ಮುಚ್ಚಳ ತೆಗೆಯಬೇಡಿ. ಒಂದೆರಡು ಗಂಟೆ ಬಿಸಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬೇಕಿದ್ದರೆ ಹಾಟ್‌ಬಾಕ್ಸ್ ಇದೆಯಲ್ಲ.

ಮೈಕ್ರೊವೇವ್, ಓವನ್ ನಿಮ್ಮಲ್ಲಿ ಇಲ್ಲ, ಹಾಗಾಗಿ ಒಂದೇ ಮಾತು. ಒಂದು ಬಟ್ಟಲು ಸಾರು ಬಿಸಿ ಮಾಡಲು ಮೈಕ್ರೊವೇವ್ ಚೆನ್ನ, ಐದು ಜನರ ಸಾರಿಗೆ ಒಲೆಯೇ ಸರಿ. ಓವನ್‌ನಲ್ಲಿ ಒಂದು ಕೇಕ್ ಅಂದರೆ ಹೆಚ್ಚುಕಮ್ಮಿ ಒಂದು ಯೂನಿಟ್.

ಈಗ ಅತ್ತೆಯವರ ಫ್ರಿಜ್. ರಾತ್ರಿ ಆಫ್ ಮಾಡುವುದರಿಂದ ಉಳಿಯುತ್ತೆ ಅನ್ನುವುದು ನೋಡಲಿಕ್ಕೆ ನಿಜ ಅನಿಸುತ್ತೆ. ಎಂಟು ಗಂಟೆ ಆಫ್, ಅಂದರೆ ಮೂರನೇ ಒಂದು ಭಾಗ ಉಳಿತಾಯ, ಅಲ್ವಾ? ಅಲ್ಲ. ಫ್ರಿಜ್ ಮಾಡುವ ಕೆಲಸ ಒಳಗೆ ನುಸುಳಿದ ಶಾಖವನ್ನು ಎತ್ತಿ ಹೊರಗೆ ಹಾಕುವುದು. ತೂತು ದೋಣಿಯಿಂದ ನೀರು ಮೊಗೆದ ಹಾಗೆ. ರಾತ್ರಿ ಮೊಗೆಯದಿದ್ದರೆ ನೀರು ಬರುವುದು ನಿಲ್ಲುವುದಿಲ್ಲ, ಬೆಳಿಗ್ಗೆ ಅಷ್ಟನ್ನೂ ಸೇರಿಸಿ ಮೊಗೆಯಬೇಕು. ಬೆಳಿಗ್ಗೆ ಸ್ವಿಚ್ ಹಾಕಿದ ಮೇಲೆ ಕಂಪ್ರೆಸರ್ ಎಷ್ಟು ಹೊತ್ತು ನಿಲ್ಲದೆ ಓಡುತ್ತದೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ. ಉಳಿಯುವುದು ಏನಾದರೂ ಇದ್ದರೆ ಚಿಲ್ಲರೆ. ಅದಕ್ಕೆ ಬದಲು ಹಾಲು, ಹಿಟ್ಟು, ಮಾತ್ರೆ ಔಷಧಿ ದಿನಾ ಬೆಚ್ಚಗಾಗಿ ತಣ್ಣಗಾಗಿ ಹಾಳಾಗುತ್ತವೆ. ಒಂದು ಪಾತ್ರೆ ಹಾಲು ಒಡೆದರೆ ತಿಂಗಳ ಉಳಿತಾಯ ಹೋಯಿತು. ಅತ್ತೆಯವರಿಗೆ ಇದನ್ನು ಹೇಳುವುದು ಹೇಗೆ ಅನ್ನುವುದು ನನ್ನ ಪರಿಣತಿಯ ಹೊರಗಿನ ವಿಷಯ. ತೂತು ದೋಣಿಯ ಮಾತು ಹೇಳಿ ನೋಡಿ.

ಅವರ ಅನುಮಾನ ಮಾತ್ರ ಪೂರ್ತಿ ತಪ್ಪಲ್ಲ. 15 ವರ್ಷದ ಫ್ರಿಜ್ ಮೇಲೆ ಕಣ್ಣಿಡಲೇಬೇಕು. ಬಾಗಿಲಿನ ಅಂಚಿನ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿನಲ್ಲಿಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ತೂತು ಇದೆ. ನಾಲ್ಕೂ ಬದಿ, ಐದಾರು ಕಡೆ ನೋಡಿ. ಕೆಳಗಿನ ಮೂಲೆಯಲ್ಲಿ ಜಾಸ್ತಿ ಸಡಿಲ ಇರುತ್ತೆ. ರಬ್ಬರ್ ಬರೀ ಜಿಡ್ಡು ಹಿಡಿದಿದ್ದರೆ ಬಿಸಿನೀರು, ಸೋಪಿನಲ್ಲಿ ಒರೆಸಿದರೂ ಸರಿಹೋಗುವುದುಂಟು. ಇಲ್ಲದಿದ್ದರೆ ರಬ್ಬರ್ ಬದಲಿಸಿ, ಫ್ರಿಜ್ ಬದಲಿಸುವ ಮೊದಲು.

ಫ್ರಿಜ್‌ನ ಬೆನ್ನಿಗೆ ಗಾಳಿ ಬೇಕು. ಗೋಡೆಯಿಂದ ಒಂದು ಗೇಣಿಗೆ ಕಡಿಮೆ ಇಲ್ಲದಂತೆ ಎಳೆದಿಡಿ. ಹಿಂದೆ ಕರಿ ಜಾಲರಿ ಇರುವ ಮಾದರಿಯಾದರೆ ಪ್ಲಗ್ ತೆಗೆದು ಧೂಳು ಗುಡಿಸಿ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಮುಂದೆ ಇದ್ದರೆ ಜಾಗ ಬದಲಿಸಿ. ಫ್ರೀಜರಿನಲ್ಲಿ ಬೆರಳು ದಪ್ಪ ಮಂಜು ಕಟ್ಟಿದ್ದರೆ ಕರಗಿಸಿ. ಚಾಕು ಹಾಕಿ ಕೆರೆಯಬೇಡಿ, ಒಳಗಿನ ಪೈಪ್ ತೂತಾದರೆ ಕಥೆ ಮುಗಿಯಿತು. ತಂಪಿನ ಗುಂಡಿಯನ್ನು ಬೇಸಿಗೆಯಲ್ಲಿ ಏರಿಸಿದ್ದು ಚಳಿಗಾಲದಲ್ಲೂ ಅಲ್ಲೇ ಇರುತ್ತದೆ, ಇಳಿಸಿ. ಒಳಗೆ 4 ಡಿಗ್ರಿ ಇದ್ದರೆ ಸಾಕು. ಬಿಸಿ ಸಾರಿನ ಪಾತ್ರೆಯನ್ನು ನೇರ ಇಡಬೇಡಿ. ಹಾಗಂತ ಸಂಜೆಯವರೆಗೆ ಹೊರಗೂ ಬಿಡಬೇಡಿ. ಮುಟ್ಟಿದರೆ ಕೈ ಸುಡದಷ್ಟು ಆದ ಮೇಲೆ, ಎರಡು ಗಂಟೆಯೊಳಗೆ, ಒಳಗಿಡಿ.

ಈ ಫ್ರಿಜ್ ಎಷ್ಟು ತಿನ್ನುತ್ತದೆ? ಒಂದು ರಾತ್ರಿ ಹತ್ತಕ್ಕೆ ಫ್ಯಾನು, ದೀಪ, ಟಿವಿ ಡಬ್ಬಿ ಎಲ್ಲ ಆಫ್ ಮಾಡಿ ಫ್ರಿಜ್ ಒಂದನ್ನೇ ಬಿಡಿ, ಮೀಟರ್ ಬರೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಮತ್ತೆ ಬರೆಯಿರಿ. ವ್ಯತ್ಯಾಸವನ್ನು ಮೂರರಿಂದ ಗುಣಿಸಿದರೆ ದಿನದ ಲೆಕ್ಕ. ಹಗಲು ಬಾಗಿಲು ತೆಗೆಯುವುದು, ಸೆಕೆ ಎಲ್ಲ ಸೇರಿ ನಿಜದಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತೆ. ದಿನಕ್ಕೆ ಒಂದರ ಒಳಗೆ ಬಂದರೆ ಸುಮ್ಮನಿರಿ. ಒಂದೂವರೆ ಬಂದರೆ ತಿಂಗಳಿಗೆ 45 ಯೂನಿಟ್, ಹೊಸ ಫ್ರಿಜ್ ಯೋಚನೆ ಮಾಡಬಹುದು.

ಹೊಸದು ಕೊಳ್ಳುವಾಗ ನಕ್ಷತ್ರ ಎಣಿಸಿ ನಿಲ್ಲಬೇಡಿ. ನಕ್ಷತ್ರದ ಚೀಟಿಯಲ್ಲೇ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದನ್ನು ಓದಿ, 12ರಿಂದ ಭಾಗಿಸಿ. ನಕ್ಷತ್ರದ ಅಳತೆಯನ್ನು ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರೆ. ಹಳೆಯ ಐದು ನಕ್ಷತ್ರ ಇವತ್ತಿನ ಮೂರಕ್ಕೆ ಸಮ ಆಗಿರಬಹುದು. ದೊಡ್ಡ ಗಾತ್ರದ ಐದು ನಕ್ಷತ್ರದ ಫ್ರಿಜ್ ಸಣ್ಣ ಗಾತ್ರದ ಮೂರು ನಕ್ಷತ್ರದ್ದಕ್ಕಿಂತ ಜಾಸ್ತಿ ತಿನ್ನುವುದೂ ಉಂಟು. ತಿಂಗಳಿಗೆ 30 ಯೂನಿಟ್ ಉಳಿದರೆ 200 ರೂಪಾಯಿ ಅಂದುಕೊಳ್ಳಿ. 20 ಸಾವಿರದ ಫ್ರಿಜ್ ಹಣ ವಾಪಸ್ ಬರಲು ಎಂಟು ವರ್ಷ ಬೇಕು. ಹಾಗಾಗಿ ಕೆಡುವವರೆಗೆ ಕಾಯಿರಿ ಅಂತಲೇ ನಾನು ಹೇಳುವುದು, ರಬ್ಬರ್ ಹಾಕಿಸಿಕೊಂಡು.

ಈ ಲೆಕ್ಕಾಚಾರ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು ಅಸ್ತ್ರ (ASTRA) ಅನ್ನುವ ಕೇಂದ್ರ ಶುರು ಮಾಡಿದರು. ಕಡಿಮೆ ಸೌದೆಯ ಅಸ್ತ್ರ ಒಲೆ ಬಂದಿದ್ದು ಅಲ್ಲಿಂದಲೇ, ಒಂದೇ ಉರಿಯಲ್ಲಿ ಮೂರು ಪಾತ್ರೆ. ಜನರಿಗೆ ಬೇಕಿರುವುದು ಬೆಂದ ಅನ್ನ, ಬೆಳಕು, ತಂಪು, ಯೂನಿಟ್ ಅಲ್ಲ ಅನ್ನುವುದು ಅವರ ವಾದದ ತಿರುಳು. ನಿಮ್ಮ ಮೀಟರಿನ ಮುಂದೆ ನಿಂತಾಗ ನನಗೂ ಅದೇ ನೆನಪಾಗುತ್ತದೆ.

ಇನ್ನು ನಿಮ್ಮ ಮುಂದಿನ ತಿಂಗಳು. ಕೆಟಲ್‌ನಿಂದ 9, ಕುಕ್ಕರಿನ ಬಿಸಿ ದೀಪದಿಂದ 9, ಅಷ್ಟಕ್ಕೇ 192ರ ಸುಮಾರಿಗೆ ಬಂದಿರಿ. ಪೂರ್ತಿ ಬಿಲ್ ತಪ್ಪಿತು, 143ರ ಮೇಲಿನ 50 ಯೂನಿಟ್‌ಗೆ ಮಾತ್ರ ದುಡ್ಡು. ಇಂಡಕ್ಷನ್ನಿನ ಅಡುಗೆ ಮುಕ್ಕಾಲು ಪಾಲು ಗ್ಯಾಸ್‌ಗೆ ಹೋದರೆ ಇನ್ನೂ 43 ಇಳಿಯುತ್ತದೆ, 149. ಉಳಿದ ಆರನ್ನು ಮುಚ್ಚಳ ಮತ್ತು ಫ್ರಿಜ್ ರಬ್ಬರಿನಿಂದ ತೆಗೆಯಬಹುದು. ಗ್ಯಾಸ್ ಖರ್ಚು ತಿಂಗಳಿಗೆ ಸಿಲಿಂಡರಿನ ಮೂರನೇ ಒಂದು ಭಾಗದಷ್ಟು ಏರುತ್ತದೆ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಮುನ್ನೂರು ರೂಪಾಯಿ.

ಮೀಟರ್ ಓದುವವರು ಬಂದ ದಿನದ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹತ್ತನೇ ದಿನ ಒಮ್ಮೆ, ಇಪ್ಪತ್ತನೇ ದಿನ ಒಮ್ಮೆ ನೋಡಿ. ಇಪ್ಪತ್ತನೇ ದಿನಕ್ಕೆ ವ್ಯತ್ಯಾಸ 95 ದಾಟಿರದಿದ್ದರೆ ಆರಾಮಾಗಿರಿ. 130 ದಾಟಿದ್ದರೆ ಇಂಡಕ್ಷನ್ ಒಲೆಯನ್ನು ಒರೆಸಿ, ಮುಂದಿನ ರೀಡಿಂಗ್‌ವರೆಗೆ ಅಟ್ಟದ ಮೇಲಿಡಿ. ಹತ್ತುವಾಗ ಅಲ್ಲಿನ ಬಲ್ಬ್ ಆಫ್ ಇದೆಯಾ ಅಂತಲೂ ನೋಡಿಬಿಡಿ.